ಎಡಗೈ ಗಂಟು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಓಂಕಾರಪ್ಪನವರ ಚಿನ್ನದ ಅಂಗಡಿ. ಅದರ ಮೂಲೆಯಲ್ಲಿ ಕೂತು ನಾಗಶ್ರೀ ವಸಂತಮ್ಮನಿಂದ ಸರ ಕಟ್ಟುವುದನ್ನು ಕಲಿಯಲು ಶುರು ಮಾಡಿ ಎಂಟು ತಿಂಗಳಾಗಿತ್ತು. ಹವಳವಾಗಲಿ ಮುತ್ತಾಗಲಿ, ಒಂದು ಮಣಿ ಪೋಣಿಸಿದ ಮೇಲೆ ರೇಷ್ಮೆ ದಾರಕ್ಕೆ ಒಂದು ಗಂಟು. ಕುಣಿಕೆಯೊಳಗೆ ದಬ್ಬಣದ ಮೊನೆ ಇಟ್ಟು, ಗಂಟನ್ನು ಮಣಿಯ ಬುಡದವರೆಗೆ ಜಾರಿಸಿ, ದಬ್ಬಣ ತೆಗೆದು ಉಗುರಿನಿಂದ ಒತ್ತಬೇಕು. ಹಾಗೆ ಕಟ್ಟಿದ ಸರ ಹರಿದರೂ ಬೀಳುವುದು ಒಂದೇ ಮಣಿ.

ವಸಂತಮ್ಮ ಇದನ್ನೆಲ್ಲ ಬಾಯಲ್ಲಿ ಹೇಳಿಕೊಟ್ಟವರಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟುತ್ತಿದ್ದರು, ನೋಡಿ ಕಲಿಯಬೇಕು. ನಾಗಶ್ರೀಯದು ಎಡಗೈ. ಪಕ್ಕದಲ್ಲಿ ಕೂತರೆ ಎಲ್ಲವೂ ತಿರುಗುಮುರುಗು. ಒಂದು ದಿನ ಸ್ಟೂಲ್ ಎತ್ತಿಕೊಂಡು ಹೋಗಿ ಎದುರಿಗೆ ಕೂತಳು. ಕನ್ನಡಿ ನೋಡಿದ ಹಾಗೆ ಕೈ ಓಡಿತು.

"ಹವಳಕ್ಕೆ ಯಾವ ಕೈಯಾದ್ರೂ ಸರಿ ಮಾರಾಯ್ತಿ," ಎಂದರು ವಸಂತಮ್ಮ. "ಕರಿಮಣಿಗೆ ಮಾತ್ರ ಬಲಗೈ. ಎಡಗೈಯಲ್ಲಿ ಕಟ್ಟಿದ ಮಾಂಗಲ್ಯ ಯಾರು ಹಾಕ್ತಾರೆ?"

ನಾಗಶ್ರೀ ಬಲಗೈಯಲ್ಲೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿದಳು. ಗಂಟು ಮಣಿಯಿಂದ ಕೂದಲೆಳೆಯಷ್ಟು ಆಚೆಗೇ ನಿಲ್ಲುತ್ತಿತ್ತು.

ವಸಂತಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಯುಗಾದಿ ಕಳೆದ ಮೇಲೆ ಅವರು ಬರುವುದಿಲ್ಲ. ಓಂಕಾರಪ್ಪ ಸುತ್ತಿಬಳಸದೆ ಹೇಳಿದ್ದರು: "ನಮ್ಮಲ್ಲಿ ಬರೋದೇ ಮದುವೆ ಗಿರಾಕಿ. ಕರಿಮಣಿ ಕಟ್ಟಕ್ಕೆ ಬಂದ್ರೆ ಆ ಜಾಗ ನಿಂದು. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋ."

ಯುಗಾದಿಗೆ ಮೊದಲೇ ಆಲ್ದೂರು ಕಡೆಯ ಎಸ್ಟೇಟಿನಿಂದ ಗಿರಿಜಾಂಬಾ ಬಂದರು. ಬೆಳಗಾದರೆ ಮಗನ ಮದುವೆ. ಸೊಸೆಗೆಂದು ತಂದ ಕರಿಮಣಿ, ಹವಳ, ಚಿನ್ನದ ಗುಂಡು ಎಲ್ಲ ಕರ್ಚೀಫಿನಲ್ಲಿ ಗಂಟು ಕಟ್ಟಿತ್ತು. ಚಿನ್ನ ಬಿಟ್ಟು ಹೋಗುವ ಪೈಕಿಯಲ್ಲ, ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತರು.

ನಾಗಶ್ರೀ ಬಲಗೈಯಲ್ಲೇ ಶುರು ಮಾಡಿದಳು. ಆರು ಮಣಿಯಾದ ಮೇಲೆ ಎತ್ತಿ ಹಿಡಿದು ನೋಡಿದರೆ ಪ್ರತಿ ಮಣಿಯ ಪಕ್ಕದಲ್ಲೂ ಬರಿ ದಾರ ಕಾಣುತ್ತಿತ್ತು. ಕತ್ತರಿ ತೆಗೆದುಕೊಂಡು ಕತ್ತರಿಸಿ ಹಾಕಿದಳು.

"ಅಯ್ಯೋ! ಮಾಂಗಲ್ಯದ ದಾರಕ್ಕೆ ಕತ್ತರಿ ಹಾಕಿದ್ಯಲ್ಲೇ!" ಎಂದರು ಗಿರಿಜಾಂಬಾ.

"ಸಡಿಲ ಇತ್ತಮ್ಮ. ಸಡಿಲ ಇರೋದನ್ನ ನಾನು ಕೊಡಲ್ಲ." ಹೊಸ ದಾರ ತೆಗೆದು, ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು.

"ಏ, ಆ ಕೈ ಬೇಡ. ಊಟ ಮಾಡೋ ಕೈಯಲ್ಲಿ ಕಟ್ಟು."

"ಊಟ ಬಲಗೈಲೇ ಮಾಡೋದು, ಮನೇಲಿ ಹೊಡೆದು ಕಲಿಸಿದ್ರು. ಗಂಟು ಯಾರೂ ಹೊಡೆದು ಕಲಿಸ್ಲಿಲ್ಲ, ಅದಕ್ಕೇ ಚೆನ್ನಾಗಿ ಬರುತ್ತೆ."

"ಬಾಯಿ ಬಾಯಿ," ಎಂದು ಓಂಕಾರಪ್ಪ ಗಲ್ಲಾದಿಂದಲೇ ಗದರಿದರು.

"ವಸಂತಮ್ಮ, ನೀವೇ ಕಟ್ಟಿಕೊಡಿ," ಎಂದರು ಗಿರಿಜಾಂಬಾ.

ವಸಂತಮ್ಮ ಸೂಜಿ ಇಸಿದುಕೊಂಡರು. ಮೂರು ಸಲ ದಾರದ ತುದಿ ಸೂಜಿಯ ಪಕ್ಕದಲ್ಲಿ ಹಾದುಹೋಯಿತು. ನಾಲ್ಕನೇ ಸಲ ಅವರು ಪ್ರಯತ್ನಿಸಲಿಲ್ಲ. "ಕಣ್ಣಿಲ್ಲ ಕಣ್ರಮ್ಮ. ನನ್ನ ಕೈಲಾಗಲ್ಲ. ಅವಳ ಎಡಗೈದು ಗಟ್ಟಿ."

ಚಿಕ್ಕಮಗಳೂರಿಗೆ ಹೋಗಿ ಬೇರೆಯವರಿಂದ ಕಟ್ಟಿಸಿಕೊಂಡು ಬರುವಷ್ಟು ಹೊತ್ತಿರಲಿಲ್ಲ. ಗಿರಿಜಾಂಬಾ ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಕೂತರು. "ಕಟ್ಟು. ನಾನು ನೋಡಲ್ಲ. ನಾ ನೋಡ್ಲಿಲ್ಲ ಅಂದ್ಮೇಲೆ ಯಾವ ಕೈಯೋ ನಂಗೆ ಗೊತ್ತಿಲ್ಲ."

ಓಂಕಾರಪ್ಪನವರ ಮುಖ ಸಡಿಲವಾಯಿತು. ಬಾಯಿ ಮುಚ್ಚಿಕೊಂಡು ಕಟ್ಟಿದ್ದರೆ ಆ ಜಾಗ ನಾಗಶ್ರೀಯದೇ. ಅವಳು ಸೂಜಿ ಕೆಳಗಿಟ್ಟಳು.

"ಇಲ್ಲಮ್ಮ. ನೋಡ್ತಾ ಕೂತ್ರೆ ಕಟ್ತೀನಿ, ಇಲ್ಲಾಂದ್ರೆ ಇಲ್ಲ. ಎಡಗೈಯಲ್ಲೇ ಕಟ್ಟಿದ್ದು ಅಂತ ನಿಮಗೆ ಗೊತ್ತಿರ್ಬೇಕು."

"ಕೊಬ್ಬು ನೋಡಿ ಇವಳದ್ದು!" ಎಂದರು ಗಿರಿಜಾಂಬಾ.

"ಕದ್ದು ಕಟ್ಟೋಕೆ ಇದೇನು ಕಳ್ಳ ಮಾಲಾ?"

ಓಂಕಾರಪ್ಪ ಒರೆಸಿದ ತಕ್ಕಡಿಯನ್ನೇ ಮತ್ತೆ ಒರೆಸಿದರು. ಹೊರಗೆ ಕೊಟ್ಟಿಗೆಹಾರದ ಬಸ್ಸು ಹಾರ್ನ್ ಹೊಡೆಯಿತು. ನಾಗಶ್ರೀ ಕೈಕಟ್ಟಿ ಕೂತಿದ್ದಳು. ಸೂಜಿ ಮುಟ್ಟಲಿಲ್ಲ.

ಕುರ್ಚಿ ಕರಕರ ಎಂದು ನೆಲಕ್ಕೆ ಉಜ್ಜಿತು. ಗಿರಿಜಾಂಬಾ ಇತ್ತ ತಿರುಗಿ, ಸಿಡುಕುತ್ತಲೇ ಕನ್ನಡಕ ಹಾಕಿಕೊಂಡರು. ನಾಗಶ್ರೀ ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು.

ಮೂರನೇ ಗಂಟು ಬೀಳುವಾಗ ಮುಂದೆ ಬಾಗಿದರು. "ಇಷ್ಟು ಒತ್ತಾಗಿ ಬೇಕಾ?"

"ಬೇಕು. ಎಳೆದು ನೋಡಿ."

ಗಿರಿಜಾಂಬಾ ಎಳೆದರು. ಜೋರಾಗಿಯೇ ಎಳೆದರು. ಗಂಟು ಕೂದಲೆಳೆಯಷ್ಟೂ ಕದಲಲಿಲ್ಲ.