ಹೊಟ್ಟೆಯ ಮೇಲೆ ಹೊರಿಸಿದ ಮರೆವು

ಕೊಪ್ಪದ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ನಿಂಗಯ್ಯನ ಓದು ಮೂರನೇ ಕ್ಲಾಸಿಗೇ ಮುಗಿದಿತ್ತು. ಯಾರ ಗದ್ದೆಗೆ ಯಾವತ್ತು, ಎಷ್ಟು ಹೊತ್ತು ನೀರು ಎಂಬುದು ನಲವತ್ತು ವರ್ಷದಿಂದ ತಲೆಯಲ್ಲೇ ಇತ್ತು. ಆ ತಲೆಯ ಬಗ್ಗೆ ಅವನಿಗೆ ಕೊಂಚ ಜಂಬವೂ ಇತ್ತು. ಈ ಸಲದ ನಾಟಿಯಲ್ಲಿ ಜಂಬ ಉಳಿದು ತಲೆ ಜಾರತೊಡಗಿತು. ಚಿಕ್ಕಮಾದುವಿನ ಗದ್ದೆಗೆ ಒಂದೇ ವಾರದಲ್ಲಿ ಎರಡು ಸಲ ನೀರು ಹರಿಯಿತು. ಚಿಕ್ಕಮಾದು ತಕರಾರು ಮಾಡಲಿಲ್ಲ, ಅಷ್ಟು ಒಳ್ಳೆಯವನು.

ಭಾರತೀನಗರದ ಕಾಲೇಜಿನಲ್ಲಿ ಓದುವ ಮೊಮ್ಮಗಳು ನಯನಳನ್ನು ನಿಂಗಯ್ಯ ಗುಟ್ಟಾಗಿ ಕೇಳಿದ: "ಮರೆವಿಗೆ ಮದ್ದೈತೇನವ್ವಾ?"

"ಒಟ್ಟೇಲಿ ಕೋಟಿಗಟ್ಲೆ ಬ್ಯಾಕ್ಟೀರಿಯ ಅವೆ ತಾತ. ಅವುಕ್ಕೂ ಮರೆವಿನ ಕಾಯಿಲೆಗೂ ನಂಟೈತೆ ಅಂತ ಹುಡುಕ್ತಾವ್ರೆ. ಯಾವುದ್ರಿಂದ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ. ಮೊಸರು, ಸೊಪ್ಪು ತಿನ್ನು, ಒಳ್ಳೇದು. ಆದ್ರೆ ಅದೇ ಮದ್ದಲ್ಲ. ಮಂಡ್ಯಕ್ಕೋಗಿ ಡಾಕ್ಟ್ರಿಗೆ ತೋರ್ಸಾನ ನಡಿ."

ನಿಂಗಯ್ಯನ ಕಿವಿಗೆ ಬಿದ್ದದ್ದು ಮೊಸರಿನ ತನಕ. ಡಾಕ್ಟರ ಮಾತು ಮರೆತುಹೋಯಿತು. ಅಷ್ಟರ ಮಟ್ಟಿಗೆ ಮರೆವೂ ಅನುಕೂಲದ್ದೇ.

ಮಾರನೆಯ ದಿನದಿಂದ ಹೊಟ್ಟೆಯೊಳಗಿನವರಿಗೆ ಸಮಾರಾಧನೆ. ಚೊಂಬುಗಟ್ಟಲೆ ಹುಳಿ ಮಜ್ಜಿಗೆ, ಮೂರು ದಿನದ ಅಂಬಲಿ. "ಉಣ್ರಪ್ಪಾ, ಉಂಡು ವಸಿ ಗ್ಯಾಪಕ ಕೊಡ್ರಿ" ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದ.

"ನಾನು ಬಸುರಿಯಾಗಿದ್ದಾಗ್ಲೂ ಇಷ್ಟು ಉಳಿ ತಿನ್ಲಿಲ್ಲ ಕಣಪ್ಪಾ" ಎಂದಳು ಹೆಂಡತಿ ಅಂಕಮ್ಮ.

ನಾಲ್ಕನೆಯ ದಿನ ಪಟ್ಟಲಮ್ಮನ ಸರದಿ. ಗಂಡನಿಲ್ಲದ ಹೆಂಗಸು, ಅರ್ಧ ಎಕರೆ ಗದ್ದೆ. ನಾಟಿಗೆ ಆಳು ಕರೆದುಕೊಂಡು ಬಂದರೆ ಗದ್ದೆ ಒಣಗಿ ನಿಂತಿತ್ತು; ನೀರೆಲ್ಲ ಮತ್ತೆ ಚಿಕ್ಕಮಾದುವಿನ ಪಾಲಾಗಿತ್ತು. ನಿಂಗಯ್ಯನೋ, ಏರಿಯ ಹಿಂದಿನ ಪೊದೆಯಲ್ಲಿ ಮೂರನೇ ಸಲ ಕುಳಿತಿದ್ದ. ಎದ್ದು ಬರುವಷ್ಟರಲ್ಲಿ ಜನ ಸೇರಿದ್ದರು.

"ಲೇ ನಿಂಗಾ, ತಲೆ ಕೆಟ್ಟೋಯ್ತೇನ್ಲಾ? ಬ್ಯಾರೆ ನೀರುಗಂಟಿ ನೋಡ್ಬೇಕಾ?" ಎಂದ ಚಿಕ್ಕಮಾದು, ಜನರ ಮುಂದೆ ನ್ಯಾಯವಂತನಾಗಿ.

"ತಲೆಯಲ್ಲ ಕಣ್ಲಾ, ಒಟ್ಟೆ! ಪೊದೆಗೂ ತೂಬಿಗೂ ಓಡಾಡಿ ಸಾಕಾಗೈತೆ."

"ಊರಿಗೆಲ್ಲ ನೀರು ಬುಡೋನು ಪೊದೆಗೂ ಬುಟ್ಟವ್ನೆ!" ಎಂದರು ಗುಂಪಿನಲ್ಲಿ ಯಾರೋ.

ಎಲ್ಲರೂ ಬಿದ್ದು ಬಿದ್ದು ನಕ್ಕು ಚದುರಿದರು. ಮಾನ ಹೋಯಿತು, ಕೆಲಸ ಉಳಿಯಿತು. ಆದರೆ ಹೊಟ್ಟೆ ಕೈಕೊಟ್ಟದ್ದು ಹೊತ್ತು ಮೂಡಿದ ಮೇಲೆ. ನೀರು ತಿರುಗಿಸಿದ್ದು ಅದಕ್ಕೂ ಮುಂಚೆ, ನೆಟ್ಟಗೆ ನಿಂತು, ಇವತ್ತು ಚಿಕ್ಕಮಾದುವಿನ ಸರದಿಯೇ ಎಂದು ನಂಬಿ. ಅದು ನಿಂಗಯ್ಯನೊಬ್ಬನಿಗೇ ಗೊತ್ತು. ಪಟ್ಟಲಮ್ಮ ಮಾತ್ರ ನಗದೆ ಬದುವಿನ ಮೇಲೆ ನಿಂತಿದ್ದಳು.

"ಒಟ್ಟೆ ಮ್ಯಾಲೆ ಸುಳ್ಳು ಹೊರಿಸ್ದೆ ಕಣವ್ವಾ" ಎಂದ ಅವಳ ಹತ್ತಿರ ಹೋಗಿ. "ನಿನ್ನ ಸರದಿ ಮರ್ತೋಯ್ತು. ನಂಗೆ ಮರೆವು ಸುರುವಾಗೈತೆ."

ಪಟ್ಟಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳೆ ಯಾರ್ದು, ಹೇಳು ನೋಡಾನ."

"ಕೆಂಪಯ್ಯಂದು. ನಾಡಿದ್ದು ಪೀರ್ ಪಾಷಂದು. ಆಮೇಲೆ..." ನಿಂಗಯ್ಯ ತಡವರಿಸಿದ.

"ಯಶೋದಮ್ಮಂದು. ಕಾಯ್ಕೊಂಡು ಕೂತಿರೋರ್ಗೆ ಎಲ್ಲಾರ ಸರದೀನೂ ಗೊತ್ತಿರ್ತದೆ ನಿಂಗಣ್ಣ."

ನಿಂಗಯ್ಯ ಮೂರು ಹೆಸರನ್ನೂ ಬೆರಳು ಮಡಿಸಿ ಎಣಿಸತೊಡಗಿದ. ಅಷ್ಟರಲ್ಲಿ ಹೊಟ್ಟೆ ಗುಡುಗಿತು. ಪಟ್ಟಲಮ್ಮ ಅವನ ಕೈಯಿಂದ ಗುದ್ದಲಿ ತೆಗೆದುಕೊಂಡಳು.

"ಓಗು, ಓಗ್ಬುಟ್ಟು ಬಾ. ನೀರು ನಾ ನೋಡ್ಕತೀನಿ."