ಮಿಲ್ಟ್ರಿ ಬೇಳೆಯ ಗೌಸಮೊಹಿದ್ದೀನ

ಗೌಸಮೊಹಿದ್ದೀನರು ಕೂತದ್ದನ್ನು ಕಂಡವರು ಆಳಂದದಲ್ಲಿ ಬಹಳ ಕಡಿಮೆ. ಬಸ್ಸಿನಲ್ಲಿ ಹತ್ತು ಸೀಟು ಖಾಲಿಯಿದ್ದರೂ ಬಾಗಿಲ ಬಳಿ ಕಂಬಿ ಹಿಡಿದು ನಿಲ್ಲುವವರು. ಸೈಕಲ್ಲು ಹತ್ತಿದರೆ ಸೀಟಿನ ಮೇಲೆ ಭಾರ ಬಿಡದೆ ಪೆಡಲಿನ ಮೇಲೇ ಎದ್ದು ನಿಂತು ತುಳಿಯುವವರು. ಯಾರ ಮನೆಗೆ ಹೋದರೂ ಚಹಾದ ಬಸಿಯನ್ನು ಹೊಸ್ತಿಲಲ್ಲೇ ಇಸಿದುಕೊಂಡು, ಎರಡು ಗುಟುಕಿಗೆ ಮುಗಿಸಿ, ಮನೆಯವರು ಹಾಸಿದ ಚಾಪೆಯನ್ನು ತಾವೇ ಸುತ್ತಿ ಗೋಡೆಗೆ ಆನಿಸಿ ಹೊರಡುವವರು. ನಮಾಜಿಗೆ ಬಿಟ್ಟರೆ ಈ ಮನುಷ್ಯನ ಮೊಣಕಾಲು ಬಾಗುವುದಿಲ್ಲ ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ನಾವು ನಗುತ್ತಿದ್ದೆವು. ಅವರ ಹೆಂಡತಿ ಬೀಬಿಜಾನ ಇದನ್ನು ಪೂರ್ತಿ ಒಪ್ಪುತ್ತಿರಲಿಲ್ಲ. “ಊಟಕ್ಕ ಕುಂದರ್ತಾರ್ರಿ,” ಎನ್ನುತ್ತಿದ್ದರು, “ಆದ್ರ ಒಂದು ಮೊಣಕಾಲ ಎತ್ತೇ ಇರ್ತೈತಿ. ಗಂಗಾಳ ನಾ ಹಿಡ್ಕೊಂಡ ಇರಬೇಕು, ಇಲ್ಲಾಂದ್ರ ಅದೂ ಅವ್ರ ಸಂಗಾಟ ಎದ್ದು ಹೋಗ್ತೈತಿ.”

ಆಳು ಎತ್ತರ, ತೆಳ್ಳಗೆ, ಮುಂದಕ್ಕೆ ಬಾಗಿದ ನಡಿಗೆ. ತಲೆ ಮೊದಲು ತಲುಪಿ ಕಾಲು ಆಮೇಲೆ ಬರುತ್ತಿತ್ತು. ಮೈಮೇಲೆ ವರ್ಷದ ಹನ್ನೆರಡು ತಿಂಗಳೂ ಒಂದು ಹಸಿರು ಕೋಟು, ಯಾವನೋ ಸಿಪಾಯಿ ತೊಟ್ಟು ಬಿಟ್ಟದ್ದು, ಸೊಲ್ಲಾಪುರದ ಹಳೆ ಬಟ್ಟೆಯ ಬಜಾರಿನಲ್ಲಿ ಕೊಂಡದ್ದು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ನಾಯಿಗಳೂ ನೀರಿನ ಬಾನಿಯ ಬುಡ ಬಿಟ್ಟು ಏಳದ ಮಧ್ಯಾಹ್ನದಲ್ಲಿ, ಆ ಕೋಟು ಬೀದಿಯಲ್ಲಿ ಹೋಗುವುದನ್ನು ಕಂಡರೆ ನೋಡುವವರಿಗೇ ಬೆವರು ಬರುತ್ತಿತ್ತು. ಹೆಂಗಸರು ಒಡೆದ ಬೇಳೆಯನ್ನು ಕೊಳ್ಳುವವರಿಗೆ ಮುಟ್ಟಿಸುವುದು ಅವರ ಕಸುಬು, ಕೋಟನ್ನು ಇಟ್ಟುಕೊಂಡದ್ದು ಮಾದರಿ ತುಂಬುವ ಜೇಬುಗಳಿಗಾಗಿ. ಬಲಗಡೆಯ ಜೇಬಿನಲ್ಲಿ ಆಳಂದ ತಾಲ್ಲೂಕಿನ ತೊಗರಿಬೇಳೆ, ಎಡಗಡೆಯದರಲ್ಲಿ ಅಫಜಲಪುರದ್ದು, ಎದೆಯ ಒಳಜೇಬಿನಲ್ಲಿ ಜೇವರ್ಗಿಯದು. ಒಂದೊಂದೂ ಒಂದು ಹಿಡಿ, ಬಿಳಿ ಬಟ್ಟೆಯ ಗಂಟು. ಮಾತಿನ ನಡುವೆ ಕೈ ತಾನಾಗಿ ಜೇಬಿಗಿಳಿದು, ಒಂದು ಬೇಳೆ ಹಲ್ಲಿನ ನಡುವೆ ಸಿಕ್ಕು ಕಟ್ ಎನ್ನುತ್ತಿತ್ತು. ಸದ್ದು ಮೆತ್ತಗಾದರೆ ಬೇಳೆ ಹಸಿ, ಇನ್ನೊಂದು ಬಿಸಿಲು ಬೇಕು.

ಎದುರಿಗಿದ್ದವರು ಮದುವೆಯ ಸುದ್ದಿ ಹೇಳಲಿ, ಮಳೆಯ ಸುದ್ದಿ ಹೇಳಲಿ, ಅವರ ಉತ್ತರ ಒಂದೇ: “ಹಾಂ, ಮುಂದಿಂದ ಹೇಳ್ರಿ.” ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋದಾಗ, ಮಗ ಅಳುತ್ತಾ ತಂದೆಯ ಕೊನೆಯ ಉಸಿರಿನ ತನಕ ಹೇಳಿ ಮುಗಿಸಿದರೆ, ಇವರ ಬಾಯಿಂದ ಅದೇ ಮಾತು ಜಾರಿತು. ಆ ಮನೆಯವರು ಎರಡು ವರ್ಷ ಮಾತು ಬಿಟ್ಟಿದ್ದರು.

ಈ ಚಡಪಡಿಕೆ ಹುಟ್ಟುಗುಣವಲ್ಲ. ತಂದೆ ಅಬ್ದುಲ್ ಗನಿ ಸಾಹೇಬರು ಕಿಣ್ಣಿ ಸುಲ್ತಾನದವರು, ನಿಜಾಮರ ಕಾಲದಲ್ಲಿ ಫೌಜಿನ ಕುದುರೆಗಳಿಗೆ ಕಡಲೆ ಒದಗಿಸುತ್ತಿದ್ದ ಗುತ್ತೇದಾರರು. ಸರಕಾರ ಬದಲಾದ ವರ್ಷ, ಕಡಲೆ ಹೇರಿಕೊಂಡು ಹೋಗಿದ್ದ ಹನ್ನೊಂದು ಬಂಡಿಗಳು ಹೋದ ದಾರಿಯಲ್ಲೇ ತಿರುಗಿ ಬಂದವು. ಕೊಳ್ಳುವ ಫೌಜೇ ಉಳಿದಿರಲಿಲ್ಲ. ಗನಿ ಸಾಹೇಬರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು. ಆ ಕಡಲೆಯನ್ನು ಹಸನು ಮಾಡಿ ಕೊಟ್ಟಿದ್ದ ಹೆಂಗಸರು ಕೂಲಿಗೆಂದು ದಿನವೂ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದರು, ಯಾರೂ ಏನೂ ಹೇಳದೆ ಇದ್ದುದರಿಂದ ಸಂಜೆ ಹಿಂತಿರುಗುತ್ತಿದ್ದರು. ಎಂಟು ದಿನ ಬಂದರು, ಒಂಬತ್ತನೆಯ ದಿನ ಬರಲಿಲ್ಲ. ಗನಿ ಸಾಹೇಬರು ಮತ್ತೆರಡು ವರ್ಷ ಅದೇ ಕಟ್ಟೆಯ ಮೇಲೆ ಕೂತು ಅಲ್ಲೇ ತೀರಿಕೊಂಡರು. “ಅಬ್ಬಾ ಮುಳುಗಿದ್ದಕ್ಕ ನನಗ ದುಃಖಿಲ್ರಿ,” ಎಂದು ಗೌಸಮೊಹಿದ್ದೀನರು ಒಂದೇ ಒಂದು ಸಲ ಹೇಳಿದ್ದುಂಟು. “ಎದ್ದು ಹೋಗಿ ಆ ಹೆಣ್ಮಕ್ಕಳಿಗಿ ಒಂದು ಮಾತ ಹೇಳಲಿಲ್ಲ, ಅದು ಸುಡ್ತೈತಿ.”

ಎಪ್ಪತ್ತೊಂದರ ಯುದ್ಧ ಮುಗಿದಾಗ ಗಡಿ ನಮ್ಮಿಂದ ಎಷ್ಟೋ ದೂರವಿತ್ತು, ಆದರೆ ಅದರ ಬಿಸಿ ನಮಗೂ ತಟ್ಟಿತ್ತು. ಆ ಚಳಿಗಾಲ ಲಾರಿಗಳು ಸಿಗದೆ, ವ್ಯಾಪಾರಿಗಳು ಕೈಕಟ್ಟಿ ಕೂತು, ತೊಗರಿ ಕಣದಲ್ಲೇ ಉಳಿದು, ಬೀಸುಕಲ್ಲಿನಲ್ಲಿ ಬೇಳೆ ಒಡೆದು ಮನೆ ನಡೆಸುತ್ತಿದ್ದ ಹೆಂಗಸರ ಕೈಗೆ ಕೆಲಸವಿಲ್ಲದಾಗಿತ್ತು. ಸೈನ್ಯದ ಉಗ್ರಾಣಗಳೋ ಬರಿದಾಗಿದ್ದವು. ಪುಣೆಯ ದಾರಿಯಲ್ಲಿದ್ದ ಒಂದು ಡಿಪೋದವರು ದೊಡ್ಡ ಮಿಲ್ಲುಗಳ ಜೊತೆಗೆ ಸಣ್ಣ ಕಸುಬಿನವರಿಂದಲೂ ಒಂದಷ್ಟು ಬೇಳೆ ಕೊಳ್ಳುತ್ತಾರೆಂಬ ಸುದ್ದಿ ಬಂದದ್ದೇ ತಡ, ಗೌಸಮೊಹಿದ್ದೀನರು ಮೂರು ತಾಲ್ಲೂಕಿನ ಬೀಸುಕಲ್ಲುಗಳ ಪರವಾಗಿ ಟೆಂಡರು ಹಾಕಿಬಿಟ್ಟರು. “ಅಪ್ಪ ನಿಜಾಮನ ಫೌಜಿಗೆ, ಮಗ ಹಿಂದೂಸ್ತಾನದ ಫೌಜಿಗೆ” ಎಂದು ಹೋಟೆಲಿನಲ್ಲಿ ಯಾರೋ ಆಡಿದ ಮಾತಿಗೆ ನಾವೂ ನಕ್ಕೆವು. ಆ ನಗೆಯಲ್ಲಿ ಮುಳ್ಳಿತ್ತು, ಅದು ಅವರಿಗೆ ಚುಚ್ಚಿಯೂ ಇತ್ತು. ನಕ್ಕದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಷರತ್ತು ಸರಳವಾಗಿತ್ತು. ಮೊದಲ ಸಲಕ್ಕೆ ತೊಂಬತ್ತು ಚೀಲ. ಅದು ತಪಾಸಣೆಯಲ್ಲಿ ಪಾಸಾದರೆ ವರ್ಷವಿಡೀ ಬೇಡಿಕೆ, ಫೇಲಾದರೆ ಪಟ್ಟಿಯಿಂದ ಹೆಸರು ಹೊರಗೆ. ಆಳಂದ ತಾಲ್ಲೂಕಿನ ನಿಂಬರ್ಗಾದಿಂದ ಮೂವತ್ತು, ಅಫಜಲಪುರದ ಕರಜಗಿಯಿಂದ ಮೂವತ್ತು, ಜೇವರ್ಗಿ ಕಡೆಯಿಂದ ಮೂವತ್ತು ಎಂದು ಅವರು ಹಂಚಿದರು. ತೊಗರಿಯನ್ನು ನೆನೆಸಿ, ಕೆಮ್ಮಣ್ಣಿನ ರಾಡಿ ಹಚ್ಚಿ, ನಾಲ್ಕು ದಿನ ಬಿಸಿಲಿಗೆ ಹರವಿ, ಕಲ್ಲಿನಲ್ಲಿ ಒಡೆದು, ಮೊರದಲ್ಲಿ ಹಸನು ಮಾಡುವ ಕೆಲಸ ಮೂರೂ ಕಡೆ ಶುರುವಾಯಿತು. ಯಾರ ಮಾಲು ಯಾರದೆಂದು ತಿಳಿಯಲು ಒಂದೊಂದು ಊರಿಗೆ ಒಂದೊಂದು ಬಗೆಯ ಹೊಲಿಗೆ ಗೊತ್ತುಮಾಡಿ ಚೀಲದ ಬಾಯಿ ಹೊಲಿಸಿದರು. ನಿಂಬರ್ಗಾದ ಹೊಲಿಗೆ ಕೌದಿಯ ಹೊಲಿಗೆಯಂತೆ ಒತ್ತೊತ್ತಾಗಿತ್ತು, ಏಕೆಂದರೆ ಅಲ್ಲಿನ ನಲವತ್ತು ಹೆಂಗಸರಿಗೆ ಹಿರಿಯಳಾಗಿದ್ದವಳು ಗುರುಬಾಯಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಬೀಸುಕಲ್ಲನ್ನೇ ನಂಬಿ ಬದುಕಿದವಳು. ಕಾಯಕದಲ್ಲಿ ಕಳ್ಳತನವಿರಬಾರದು ಎಂದು ಹೇಳಿ ಹೇಳಿ, ಪಕ್ಕದವಳ ಮೊರವನ್ನೂ ಕಸಿದುಕೊಂಡು ಮತ್ತೊಮ್ಮೆ ಹಸನು ಮಾಡುವವಳು.

ಎಪ್ಪತ್ತೆರಡರ ಮಾರ್ಚಿನಲ್ಲಿ ತೊಂಬತ್ತು ಚೀಲ ಡಿಪೋ ಸೇರಿದವು. ತಪಾಸಣೆಯ ಸಾಹೇಬರು ಅರವತ್ತು ಚೀಲ ನೋಡಿ ಸರಿಯೆಂದು ತಲೆಯಾಡಿಸಿದರು. ಒತ್ತು ಹೊಲಿಗೆಯ ಮೊದಲ ಚೀಲಕ್ಕೆ ಕೈ ಹಾಕಿದವರು ಅಂಗೈಯನ್ನು ಮೂಗಿಗೆ ಹಿಡಿದು, ಇದಕ್ಕೆ ಎಣ್ಣೆ ಯಾಕೆ ಬಂತು ಎಂದು ಕೇಳಿದರು. ಮೂವತ್ತೂ ಚೀಲದ ಬೇಳೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಚ್ಚಿಸಿಕೊಂಡು ಮಿರಿಮಿರಿ ಮಿಂಚುತ್ತಿತ್ತು.

ನಮ್ಮ ಕಡೆಯವರಿಗೆ ಇದರಲ್ಲಿ ಕೇಳುವಂಥದ್ದೇ ಇಲ್ಲ. ವರ್ಷದ ಬೇಳೆಗೆ ಹುಳ ಬೀಳದಿರಲೆಂದು ಔಡಲೆಣ್ಣೆ ಸವರಿ ಡಬ್ಬಿಗೆ ತುಂಬುವುದು ಹಾಲಿಗೆ ಹೆಪ್ಪು ಹಾಕಿದಷ್ಟೇ ಸಹಜ. ಆದರೆ ಸಾಹೇಬರ ನಿಯಮದಲ್ಲಿ ಎಣ್ಣೆ ಎಂದರೆ ಹಳೆಯ ಬೇಳೆಗೆ ಕೊಟ್ಟ ಸುಳ್ಳು ಹೊಳಪು. ಉಳಿದೆರಡು ಊರಿನವರು ಹಚ್ಚದೆ ಬಿಟ್ಟದ್ದು ಜಾಣತನದಿಂದಲ್ಲ, ಗಡಿಬಿಡಿಯಲ್ಲಿ ಅವರಿಗೆ ಹೊತ್ತು ಸಿಕ್ಕಿರಲಿಲ್ಲ ಅಷ್ಟೆ. ಅತಿ ಮುತುವರ್ಜಿಯಿಂದ ಮಾಡಿದವಳೇ ಸಿಕ್ಕಿಬಿದ್ದಳು.

ಸಾಹೇಬರು ಕೆಟ್ಟವರಲ್ಲ. ಅರವತ್ತು ಚೀಲ ಚೆನ್ನಾಗಿವೆ, ಈ ಹೊಲಿಗೆಯ ಊರನ್ನು ಪಟ್ಟಿಯಿಂದ ಹೊಡೆದುಹಾಕು, ಮಿಕ್ಕದ್ದಕ್ಕೆ ಈಗಲೇ ಸಹಿ ಮಾಡುತ್ತೇನೆ ಎಂದರು. ಗೌಸಮೊಹಿದ್ದೀನರು ಡಿಪೋದ ಅಂಗಳವನ್ನು ಮೂರು ಸುತ್ತು ಸುತ್ತಿದರಂತೆ. ತಿರುಗಿ ಬಂದು, ಗುತ್ತೆ ಒಂದು, ತಪ್ಪು ನನ್ನದು, ತೊಗೊಂಡರೆ ಮೂರೂ ಊರಿನದು ತೊಗೊಳ್ಳಿ, ಇಲ್ಲವಾದರೆ ಯಾವುದೂ ಬೇಡ, ಹದಿನೈದು ದಿನ ಕೊಡಿ ಎಂದರು. ಸಾಹೇಬರು ಅವರ ಮುಖವನ್ನೂ ಕೋಟನ್ನೂ ನೋಡಿ, ಹದಿನೈದು ದಿನ ಎಂದು ಬರೆದುಕೊಂಡರು. ಅರವತ್ತು ಚೀಲ ಸಹಿಯಿಲ್ಲದೆ ಅಲ್ಲೇ ಉಳಿದವು, ಎಣ್ಣೆಯ ಮೂವತ್ತು ಚೀಲ ವಾಪಸು ಲಾರಿ ಹತ್ತಿದವು.

ಲಾರಿಗಿಂತ ಮೊದಲು ಅವರು ನಿಂಬರ್ಗಾ ಮುಟ್ಟಿದರು. ಆಳಂದದಲ್ಲಿ ಇಳಿದು ಮನೆಗೂ ಹೋಗದೆ ಸೈಕಲ್ಲು ತುಳಿದುಕೊಂಡು ಹೋದರಂತೆ. ಗುರುಬಾಯಿಯ ಅಂಗಳದಲ್ಲಿ ಹೆಂಗಸರೆಲ್ಲ ಮುಂದಿನ ಬೇಡಿಕೆಗೆಂದು ಸವೆದ ಬೀಸುಕಲ್ಲಿಗೆ ಉಳಿಯಿಂದ ಹಲ್ಲು ಹಾಕಿಸಿ ಸಿದ್ಧರಾಗಿದ್ದರು.

“ಅಕ್ಕಾ, ಚೀಲ ವಾಪಸ್ ಬರಾಕತ್ತಾವ. ಎಣ್ಣಿ ಹಚ್ಚಿದ್ದಕ್ಕ.”

ಗುರುಬಾಯಿ ಮೊರ ಕೆಳಗಿಟ್ಟಳು. “ಹುಳಾ ಬೀಳಬಾರ್ದಂತ ಹಚ್ಚೇವ್ರಿ ಗೌಸಭಾಯಿ. ಮನಿ ಬ್ಯಾಳಿಗಿ ಹಚ್ಚೂದಕ್ಕಿಂತ ಒಂದು ಕೈ ಹೆಚ್ಚಿಗೇ ಹಚ್ಚೇವಿ. ಬರ್ಫದಾಗ ನಿಂತ ಮಕ್ಕಳಿಗಿ ಹುಳಾ ಹಿಡದ ಬ್ಯಾಳಿ ಉಣಸಾಕ ಆಗ್ತೈತೇನ್ರಿ?”

“ಅವ್ರಿಗಿ ಅದು ತಿಳಿಯೂದಿಲ್ಲಕ್ಕ. ಹಳೀ ಬ್ಯಾಳಿಗಿ ಹೊಳಪ ಕೊಟ್ಟೀರಿ ಅಂದ್ರು.”

“ನೀವ್ ಏನಂದ್ರಿ?”

“ತಪ್ಪು ನಂದು ಅಂದೆ. ಕಲ್ಲ ಇರಬಾರ್ದು, ಹಸಿ ಇರಬಾರ್ದು, ಎಲ್ಲಾ ನಿಮಗ ಹೇಳಿದ್ದೆ. ಎಣ್ಣಿ ಹಚ್ಚಬ್ಯಾಡ್ರಿ ಅಂತ ಹೇಳಲಿಲ್ಲ. ನಮ್ಮನ್ಯಾಗೂ ಹಚ್ಚತಾರ, ಅದು ಹೇಳೂ ಮಾತಂತ ಅನಸಲೇ ಇಲ್ಲ.”

ಗುರುಬಾಯಿ ಕೆಳಗಿಟ್ಟ ಮೊರವನ್ನು ಬದಿಗೆ ಸರಿಸಿದಳು. “ಸಾಹೇಬ್ರು ನಮ್ಮನ್ನ ಬಿಟ್ಟು ಉಳದವ್ರದು ತೊಗೋತೇನಿ ಅಂದಿದ್ರೇನ್ರಿ?”

ಗೌಸಮೊಹಿದ್ದೀನರ ಕೈ ಬಲಗಡೆಯ ಜೇಬಿಗೆ ಹೋಗಿ ಆಳಂದದ ಬೇಳೆಯ ಗಂಟನ್ನು ಹಿಡಿದುಕೊಂಡಿತು. ಅವಳಿಗೆ ಅಷ್ಟು ಸಾಕಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು, “ಹಾಂ,” ಎಂದಳು, “ಮುಂದಿಂದ ಹೇಳ್ರಿ.”

ಮುಂದಿನದು ಸುಲಭವಾಗಿರಲಿಲ್ಲ. ತೊಗರಿ ಬೇಕಾದಷ್ಟಿತ್ತು, ಬಿಸಿಲಿರಲಿಲ್ಲ. ಕೆಮ್ಮಣ್ಣು ಹಚ್ಚಿ ಹರವಿದ ಮೂರನೆಯ ದಿನ ಮಾರ್ಚಿನಲ್ಲಿ ಬರಬಾರದ ಮೋಡ ಬಂದು ಐದು ದಿನ ಕದಲದೆ ನಿಂತಿತು. ಬೇಳೆ ಹಲ್ಲಿಗೆ ಮೆತ್ತಗೇ ಹತ್ತುತ್ತಿತ್ತು. ಗೌಸಮೊಹಿದ್ದೀನರು ಎದ್ದ ಕಾಲಲ್ಲೇ ಕರಜಗಿಗೆ ಹೋದರು. ಅಲ್ಲಿ ಮುಂದಿನ ಬೇಡಿಕೆಗೆಂದು ಒಡೆದಿಟ್ಟ ಬೇಳೆಯಿತ್ತು. ಅಲ್ಲಿನ ಹೆಂಗಸರಿಗೆ ಹಿರಿಯಳಾದ ಗಂಗಾಬಾಯಿ ಬಾಗಿಲಲ್ಲೇ ತಡೆದಳು. “ನಮ್ಮ ಚೀಲ ಪಾಸಾಗಿದ್ದುವಲ್ರಿ. ಯಾರನ್ನ ಕೇಳಿ ತಡದು ನಿಲ್ಲಿಸಿ ಬಂದ್ರಿ?”

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದು ಊರನ್ನು ಉಳಿಸಲು ಎರಡು ಊರನ್ನು ಒತ್ತೆಯಿಟ್ಟದ್ದು ನಿಜ. “ಯಾರನ್ನೂ ಕೇಳಿಲ್ಲವ್ವಾ,” ಎಂದರು. “ನಾಳಿ ನಿಮ್ಮ ಚೀಲ ವಾಪಸ್ ಬಂದ್ರೂ ಹಿಂಗೇ ಮಾಡ್ತೇನಿ.” ಗಂಗಾಬಾಯಿ ಬೈದಳು, ಹೊಟ್ಟೆ ತುಂಬ ಬೈದಳು, ಬೈದು ಮುಗಿಸಿ ಆರು ಚೀಲ ಕೊಟ್ಟಳು. ಜೇವರ್ಗಿ ಕಡೆಯವರು ಬೈಯದೆ ಐದು ಕೊಟ್ಟರು. ಮೋಡ ಹರಿದ ಮೇಲೆ ನಿಂಬರ್ಗಾದಲ್ಲಿ ಹತ್ತೊಂಬತ್ತು ಆದವು.

ಹದಿನೈದನೆಯ ದಿನ ಡಿಪೋದಲ್ಲಿ ಸಾಹೇಬರು ಹೊಲಿಗೆಗಳನ್ನು ನೋಡಿ, ಇದು ಒಂದೇ ಊರಿನ ಮಾಲಲ್ಲ ಎಂದರು. ಗೌಸಮೊಹಿದ್ದೀನರು ಮೋಡದ ಕಥೆ ಹೇಳಿದರು. ಸಾಹೇಬರು ಒಂದು ಬೇಳೆ ಬಾಯಿಗೆ ಹಾಕಿಕೊಂಡರು. ಕಟ್ ಎಂದಿತು. ತೊಂಬತ್ತಕ್ಕೂ ಸಹಿಯಾಯಿತು.

ಎಣ್ಣೆ ಹಚ್ಚಿದ ಮೂವತ್ತು ಚೀಲದ ಕಥೆ ಬೇರೆ. ಅದನ್ನು ಆಳಂದದ ಸಂತೆಗೆ ತಂದು ಸುರಿದರೆ ಎರಡು ಸಂತೆಯೊಳಗೆ ಒಂದು ಕಾಳೂ ಉಳಿಯಲಿಲ್ಲ. ಅಷ್ಟು ಹಸನಾದ ಬೇಳೆಯನ್ನು ಊರು ಕಂಡಿರಲಿಲ್ಲ. ಆಮೇಲೆ ಎಷ್ಟೋ ವರ್ಷ ನಮ್ಮ ಅಂಗಡಿಗಳಲ್ಲಿ ಒಳ್ಳೆಯ ಬೇಳೆಗೆ ಮಿಲ್ಟ್ರಿ ಬ್ಯಾಳಿ ಎಂದೇ ಹೆಸರು. ಮಿಲ್ಟ್ರಿಯವರು ಒಲ್ಲೆವೆಂದ ಬೇಳೆ ಅದೆಂಬುದು ಯಾರಿಗೂ ನೆನಪಿರಲಿಲ್ಲ.

ಗುತ್ತೆ ಆರು ವರ್ಷ ನಡೆದು, ಖರೀದಿಯೆಲ್ಲ ದೊಡ್ಡ ಮಿಲ್ಲುಗಳ ಪಾಲಾದಾಗ ನಿಂತಿತು. ಅಷ್ಟರಲ್ಲಿ ನಿಂಬರ್ಗಾದವರು ಒಂದು ಮೋಟಾರು ಚಕ್ಕಿ ಹಾಕಿಕೊಂಡು ಸಂತೆಗಳನ್ನು ಹಿಡಿದಿದ್ದರು. ಗುತ್ತೆ ನಿಂತ ಸುದ್ದಿಯನ್ನೂ ಗೌಸಮೊಹಿದ್ದೀನರೇ ಮೂರೂ ಊರಿಗೆ ಹೋಗಿ, ಅಂಗಳದಲ್ಲಿ ನಿಂತು ಹೇಳಿ ಬಂದರು. ಕರಜಗಿಯಲ್ಲಿ ಮತ್ತೆ ಬೈಸಿಕೊಂಡರು.

ತೊಂಬತ್ತೊಂದರಲ್ಲಿ ಅವರು ಹಾಸಿಗೆ ಹಿಡಿದಾಗ ಗುರುಬಾಯಿ ನೋಡಲು ಬಂದಳು. ಬಾಗಿಲಲ್ಲಿ ಅವಳ ನೆರಳು ಕಂಡದ್ದೇ ಅವರು ಏಳಲು ಹವಣಿಸಿದರು. ಗೂಟಕ್ಕೆ ತೂಗುಹಾಕಿದ ಕೋಟಿನ ಕಡೆ ಕೈ ಹೋಯಿತು. “ಏಳಬ್ಯಾಡ್ರಿ ಗೌಸಭಾಯಿ,” ಎಂದಳು ಗುರುಬಾಯಿ, ಮಂಚದ ಬದಿಗೆ ಕೂರುತ್ತಾ. “ವಾಪಸ್ ಬಂದ ಚೀಲ ಒಂದೂ ಇಲ್ಲ.” ಅವರು ಅವಳನ್ನೇ ನೋಡುತ್ತಿದ್ದು, ನಿಧಾನವಾಗಿ ದಿಂಬಿಗೆ ಒರಗಿದರು. ಈ ಸಲ ಮುಂದಿನದು ಕೇಳಲಿಲ್ಲ.

ಮಾಡುವವರಿಗೆ ಮನೆಯಿರುತ್ತದೆ, ಕೊಳ್ಳುವವರಿಗೆ ಕಚೇರಿಯಿರುತ್ತದೆ, ನಡುವಿನವರಿಗೆ ಇರುವುದು ದಾರಿಯೊಂದೇ. ಆ ದಾರಿಯಲ್ಲಿ ಓಡಾಡಿ ಮಹಡಿ ಕಟ್ಟಿಸಿದವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಯುದ್ಧ ಮುಗಿದ ಮೇಲೆ ಗೆದ್ದ ಸುದ್ದಿ ಹೇಳಲು ಊರಿಗೆ ಊರೇ ಓಡುತ್ತದೆ. ಮಾಲು ವಾಪಸು ಬಂತೆಂಬ ಸುದ್ದಿಯನ್ನು ಹೊತ್ತು, ಯಾರ ಅಂಗಳದಲ್ಲಿ ಬೈಗುಳ ಕಾದಿದೆಯೋ ಅಲ್ಲಿಗೇ ಮೊದಲು ಹೋಗಿ ನಿಲ್ಲುವವರು ತಾಲ್ಲೂಕಿಗೊಬ್ಬರು ಸಿಕ್ಕರೆ ಹೆಚ್ಚು. ಬಿದ್ದ ಊರುಗಳು ಎದ್ದು ಕೂತದ್ದು ಅಂಥವರು ನಿಂತೇ ಇದ್ದುದರಿಂದ.