ನೀಲಿ ಸೋಮವಾರದ ಚಿತ್ರೀಕರಣ

ಹನ್ನೊಂದನೆಯ ಸಲವೂ ಮೆರ್ಲೆ ಅಳಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು.

ನಿರ್ದೇಶಕಿ ಬಿರ್ಗಿಟ್ ಕಣ್ಣು ಮುಚ್ಚಿಕೊಂಡಳು. ದೃಶ್ಯ ಸರಳವಾಗಿತ್ತು. ಸ್ವೆಂಡ್‌ಬೋರ್ಗ್ ಊರಾಚೆ, ಸಮುದ್ರಕ್ಕೆ ಚಾಚಿದ ಮರದ ಕಟ್ಟೆಯ ಮೇಲೆ ಹದಿನಾಲ್ಕರ ಹುಡುಗಿ ತನ್ನ ಫೋಟೋಗೆ ಬಿದ್ದ ಲೈಕುಗಳನ್ನು ಎಣಿಸಬೇಕು. ಒಂಬತ್ತಕ್ಕೆ ನಿಂತಾಗ ಅಳಬೇಕು. ಬಿಸಿಲು ಇನ್ನು ನಲವತ್ತು ನಿಮಿಷ ಮಾತ್ರ. ಮೂರು ವರ್ಷ ಕೂತು ಬರೆದ ಚಿತ್ರ. ಅದರಲ್ಲಿ ಒಂದು ಸುಳ್ಳೂ ಇರಬಾರದೆಂಬುದು ಅವಳ ಹಟ.

"ಯಾಕೆ ನಗ್ತೀಯೇ?"

"ಲೈಕ್ ಯಾರು ಎಣಿಸ್ತಾರೆ ಬಿರ್ಗಿಟ್? ನಮ್ಮಜ್ಜಿ ಎಣಿಸ್ತಾಳೆ! ಬೆಕ್ಕಿನ ಫೋಟೋ ಹಾಕಿ ಊಟ ಬಿಟ್ಟು ಕೂತಿರ್ತಾಳೆ."

ಕ್ಯಾಮೆರಾದ ಹಿಂದೆ ಛಾಯಾಗ್ರಾಹಕ ಟೋರ್ಕಿಲ್‌ನ ಹೊಟ್ಟೆ ನಗುವಿಗೆ ಕುಲುಕಿತು. "ಮೂರು ವರ್ಷ ಬರ್ದಿದ್ದು ಅಜ್ಜಿ ಕಥೆ ಅನ್ನು."

"ನೀನು ಸುಮ್ನಿರು. ಮೆರ್ಲೆ, ಹಾಗಾದ್ರೆ ನಿಂಗೆ ಅಳು ಬರೋದು ಯಾವುದಕ್ಕೆ? ನಿಜ ಹೇಳು."

ಹುಡುಗಿಯ ನಗು ನಿಂತಿತು. ಗೆಳತಿಯರು ಎಲ್ಲೆಲ್ಲಿದ್ದಾರೆಂದು ತೋರಿಸುವ ನಕ್ಷೆಯನ್ನು ಫೋನಿನಲ್ಲಿ ತೆರೆದು ಹಿಡಿದಳು. ಪೇಟೆಯಲ್ಲಿ ಏಳು ಪುಟ್ಟ ಮುಖಗಳು ಒಂದರ ಮೇಲೊಂದು ಗುಂಪುಗೂಡಿದ್ದವು. ಕಡಲಂಚಿನಲ್ಲಿ ಎಂಟನೆಯದು, ಅವಳದೇ, ಒಂಟಿ.

"ಇದಕ್ಕೆ. ಯಾರೂ ಏನೂ ಅಂದಿರಲ್ಲ. ಸುಮ್ನೆ ಕಾಣಿಸ್ತಾ ಇರುತ್ತೆ. ಇವತ್ತು ನೀಲಿ ಸೋಮವಾರ ಅಲ್ವಾ."

ಬಿರ್ಗಿಟ್‌ಗೆ ಆಗಷ್ಟೇ ಹೊಳೆಯಿತು. ಚರ್ಚಿನಲ್ಲಿ ದೃಢೀಕರಣದ ವಿಧಿ ಮುಗಿಸಿದ ಈ ವಯಸ್ಸಿನ ಮಕ್ಕಳು ಮರುದಿನ ಹೊಸ ಬಟ್ಟೆ ತೊಟ್ಟು ಒಟ್ಟಾಗಿ ಪೇಟೆ ಸುತ್ತುವ ದಿನ ಅದು. ಬದುಕಿಗೆ ಒಂದೇ ಸಲ ಬರುವುದು. ಬಿಸಿಲಿನ ವೇಳೆ, ಕಟ್ಟೆಯ ಪರವಾನಗಿ, ಶಾಲೆಯ ರಜೆ ಮೂರನ್ನೂ ಕೂಡಿಸಿ ಈ ದಿನವನ್ನು ಆರಿಸಿದವಳು ತಾನೇ. ಲೆಕ್ಕವೇನೋ ಸರಿಯಾಗಿತ್ತು.

"ನಿಂಗೆ ರಜೆ ಇತ್ತಲ್ಲ ಅಂತ..."

"ರಜೆ ಯಾಕೆ ಕೊಟ್ರು ಅಂತ ಕೇಳ್ಲೇ ಇಲ್ಲ ನೀನು."

"ನೀನಾದ್ರೂ ಹೇಳ್ಬಾರ್ದಿತ್ತಾ?"

"ನಿನ್ನ ಸಿನಿಮಾ ಕೆಟ್ಟುಹೋಗುತ್ತಲ್ಲ."

ಟೋರ್ಕಿಲ್ ಪಿಸುಗುಟ್ಟಿದ. "ಈಗ್ಲೇ ತೆಗೆದುಬಿಡೋಣ. ಅವಳ ಮುಖ ನೋಡು. ಇದಕ್ಕಿಂತ ನಿಜ ಸಿಗಲ್ಲ."

ಬಿರ್ಗಿಟ್ ನೋಡಿದಳು. ಮೂರು ವರ್ಷ ಹುಡುಕಿದ ಮುಖ ಅದೇ.

"ಬೇಡ," ಎಂದಳು. "ಮೆರ್ಲೆ, ಸೈಕಲ್ ಹತ್ತು. ಹೋಗು."

ಮೆರ್ಲೆ ನಾಲ್ಕು ಹೆಜ್ಜೆ ಓಡಿ ತಿರುಗಿ ನಿಂತಳು. "ನೀವೂ ಬನ್ನಿ! ಶಾಲೆ ದೃಶ್ಯದಲ್ಲಿ ಇದ್ದೋರೇ ಎಲ್ಲ. ಕ್ಯಾಮೆರಾ ಕಂಡ್ರೆ ಕುಣೀತಾರೆ."

ದೀಪಗಳನ್ನು ಹೊತ್ತು ತಂದಿದ್ದ ಮೂರು ಗಾಲಿಯ ಸೈಕಲ್ಲಿನ ಪೆಟ್ಟಿಗೆಯಲ್ಲಿ, ತೊಂಬತ್ತೆಂಟು ಕಿಲೋ ತೂಗುವ ಟೋರ್ಕಿಲ್ ಕ್ಯಾಮೆರಾ ಸಮೇತ ಕುಳಿತ. ಐವತ್ತೆರಡರ ಬಿರ್ಗಿಟ್ ತುಳಿದಳು. ಮುಂದೆ ಹುಡುಗಿಯ ಕೂದಲು ಗಾಳಿಗೆ ಹಾರುತ್ತಿತ್ತು.

"ಬೇಗ ಬಾ ಅಜ್ಜೀ!"

"ಇನ್ನೊಂದ್ಸಲ ಅಜ್ಜಿ ಅಂದ್ರೆ ನಿನ್ನ ಪಾತ್ರ ಸಾಯಿಸ್ತೀನಿ!"

ಪೆಟ್ಟಿಗೆಯಲ್ಲಿ ಟೋರ್ಕಿಲ್ ನಕ್ಕ ರಭಸಕ್ಕೆ ಅವನು ತೆಗೆಯುತ್ತಿದ್ದ ಚಿತ್ರ ಅಲುಗಾಡಿತು. ಬಂದರಿನ ಐಸ್‌ಕ್ರೀಮ್ ಅಂಗಡಿಯ ಸಾಲಿನಿಂದ ಏಳು ಕಂಠಗಳು ಒಟ್ಟಿಗೇ ಕಿರುಚಿದವು. ಮೆರ್ಲೆ ಸೈಕಲ್ಲನ್ನು ಬಿದ್ದಲ್ಲೇ ಬಿಟ್ಟು ಆ ಗುಂಪಿನೊಳಗೆ ಮಾಯವಾದಳು.

"ಕ್ಯಾಮೆರಾ ನಿಲ್ಲಿಸ್ಲಾ?" ಎಂದ ಟೋರ್ಕಿಲ್.

ಬಿರ್ಗಿಟ್‌ಗೆ ಮಾತಾಡಲು ಉಸಿರಿರಲಿಲ್ಲ, ತಲೆಯಾಡಿಸಿ ಬೇಡವೆಂದಳು.

ಎಂಟು ಮಂದಿಯೂ ದೋಣಿಗಳು ನಿಲ್ಲುವ ಧಕ್ಕೆಯ ಅಂಚಿನಲ್ಲಿ ಸಾಲಾಗಿ ಕುಳಿತರು. ನೀರಿನ ಮೇಲೆ ಏಳು ಜೊತೆ ಹೊಸ ಬೂಟುಗಳು ತೂಗಾಡುತ್ತಿದ್ದವು. ಅವುಗಳ ನಡುವೆ, ಕಟ್ಟೆಯಿಂದ ಹಾಗೆಯೇ ಓಡಿಬಂದ ಎರಡು ಬರಿಯ ಪಾದಗಳು.